ಮಂಡಿ ಸವೆದಿದೆ, ಕಾಲು ಬಾಗಿದೆ: ಮೂಳೆ ಕತ್ತರಿಸಿ ನೇರ ಮಾಡಿಸಿದರೆ ಎಷ್ಟು ವರ್ಷ ಬಾಳುತ್ತದೆ?

ಪ್ರಶ್ನೆ: ನನಗೆ 49 ವರ್ಷ. ಸಿದ್ದಾಪುರ ತಾಲ್ಲೂಕಿನಲ್ಲಿ ಅಡಿಕೆ ತೋಟ ಇದೆ. ತೂಕ 78 ಕೆ.ಜಿ., ಎತ್ತರ ಐದೂವರೆ ಅಡಿ. ನಾಲ್ಕು ವರ್ಷದಿಂದ ಎಡ ಮಂಡಿಯ ಒಳಬದಿಯಲ್ಲಿ ನೋವು. ತೋಟಕ್ಕೆ ಇಳಿಯುವಾಗ, ರಾತ್ರಿ ಮಗ್ಗುಲು ಬದಲಿಸುವಾಗ ಜಾಸ್ತಿ. ಕಾಲು ಬಿಲ್ಲಿನಂತೆ ಬಾಗಿರುವುದನ್ನು ಮನೆಯವರೇ ಗುರುತಿಸಿದರು. ಎಂ.ಆರ್.ಐ.ನಲ್ಲಿ ಒಳಬದಿಯ ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆ) ಹರಿದಿದೆ, ಸವೆತ ಇದೆ ಎಂದು ಬರೆದಿದ್ದಾರೆ. ಎರಡು ಸಲ ಜೆಲ್ ಇಂಜೆಕ್ಷನ್ ಆಯಿತು. ಒಬ್ಬ ಡಾಕ್ಟರು ಮಂಡಿ ಬದಲಿಸಿ ಅಂದರು. ಇನ್ನೊಬ್ಬರು ಈ ವಯಸ್ಸಿಗೆ ಬೇಡ, ಮೂಳೆ ಕತ್ತರಿಸಿ ಕಾಲು ನೇರ ಮಾಡೋಣ ಅಂದರು. ಮೂರನೆಯವರು ಸಣ್ಣ ಮೂಳೆ ಒಂದನ್ನು ಕತ್ತರಿಸಿದರೆ ಸಾಕು, ಮರುದಿನವೇ ನಡೆಯಬಹುದು ಅಂದರು. ನೆಂಟರು, "ಚೆನ್ನಾಗಿರೋ ಮೂಳೆ ಯಾಕೆ ಮುರಿಸ್ಕೋತೀಯ, ಐದು ವರ್ಷಕ್ಕೆ ಮತ್ತೆ ಅದೇ ಗತಿ" ಅನ್ನುತ್ತಾರೆ. ನೆಲದ ಮೇಲೆ ಕೂರುವುದು, ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವುದು ನಿಂತರೆ ನನಗೆ ಕಷ್ಟ. ದಿನಕ್ಕೆ ಆರೇಳು ಕವಳ ಹಾಕುತ್ತೇನೆ, ಹೊಗೆಸೊಪ್ಪು ಸೇರಿಸಿ. ಸಕ್ಕರೆ ಕಾಯಿಲೆ ಇಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಗಟ್ಟಿ ಮೂಳೆಯನ್ನು ಕೈಯಾರೆ ಮುರಿಸಿಕೊಂಡು ಹಾಳಾಗುತ್ತೇನೆಯೇ ಎಂಬುದು ಒಂದು. ಇಷ್ಟೆಲ್ಲ ಪಟ್ಟರೂ ಕೆಲವೇ ವರ್ಷಗಳಲ್ಲಿ ಮಂಡಿ ಬದಲಿಗೇ ಹೋಗಬೇಕಾಗುತ್ತದೆಯೇ ಎಂಬುದು ಇನ್ನೊಂದು. ಎರಡೂ ನ್ಯಾಯವಾದ ಭಯಗಳೇ. ಆದರೆ ಈ ಆಪರೇಷನ್ "ಒಳ್ಳೆಯದೋ ಕೆಟ್ಟದೋ" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಯಾರ ಕಾಲಿಗೆ, ಯಾವ ಮೂಳೆಯಲ್ಲಿ, ಎಷ್ಟು ಡಿಗ್ರಿ ಎಂಬ ಮೂರರ ಮೇಲೆ ಫಲ ನಿಂತಿದೆ. ಅದೇ ಆಪರೇಷನ್ ಒಬ್ಬರಿಗೆ ಹದಿನೈದು ವರ್ಷ ಬಾಳುತ್ತದೆ, ಇನ್ನೊಬ್ಬರಿಗೆ ಮೂರು ವರ್ಷಕ್ಕೆ ಸೋಲುತ್ತದೆ.

ಮೊದಲು ಕಾಲು ಯಾಕೆ ಹೀಗಾಗುತ್ತದೆ ನೋಡೋಣ. ತೊಡೆಮೂಳೆಯ ಮೇಲ್ತುದಿಯ ಗುಂಡಿನ ಮಧ್ಯದಿಂದ ಪಾದದ ಕೀಲಿನ ಮಧ್ಯಕ್ಕೆ ಒಂದು ದಾರ ಎಳೆದರೆ, ನೇರ ಕಾಲಿನಲ್ಲಿ ಅದು ಮಂಡಿಯ ನಡುವಿನಿಂದ ಕೆಲವೇ ಮಿಲಿಮೀಟರ್ ಒಳಗಡೆ ಹಾಯುತ್ತದೆ. ದೇಹದ ಭಾರ ಹೋಗುವ ದಾರಿ ಅದು. ಹೀಗೆ ನೇರವಾಗಿರುವ ಕಾಲಿನಲ್ಲೂ ನಡೆಯುವಾಗ ಮಂಡಿಯ ಭಾರದಲ್ಲಿ ನೂರಕ್ಕೆ ಸುಮಾರು 60ರಿಂದ 70 ಪಾಲು ಒಳಬದಿಯ ಮೇಲೇ ಬೀಳುತ್ತದೆ. ಕಾಲು ಬಿಲ್ಲಿನಂತೆ ಬಾಗಿದರೆ ದಾರ ಇನ್ನಷ್ಟು ಒಳಗೆ ಸರಿಯುತ್ತದೆ, ಒಳಬದಿಗೆ ಹೊರೆ ಏರುತ್ತದೆ. ಹೊರೆ ಏರಿದಲ್ಲಿ ಮೂಳೆತುದಿಯ ನುಣುಪು ಹೊದಿಕೆಯಾದ ಕಾರ್ಟಿಲೇಜ್ ತೆಳುವಾಗುತ್ತದೆ. ಅದು ತೆಳುವಾದಷ್ಟೂ ಕಾಲು ಇನ್ನಷ್ಟು ಬಾಗುತ್ತದೆ, ಬಾಗಿದಷ್ಟೂ ಸವೆತ ಹೆಚ್ಚುತ್ತದೆ. ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸವೆತ ಶುರುವಾದ ಮಂಡಿಗಳನ್ನು ಒಂದೂವರೆ ವರ್ಷ ನೋಡಿದಾಗ, ಬಾಗಿದ ಕಾಲುಗಳಲ್ಲಿ ಒಳಬದಿಯ ಸವೆತ ಮುಂದುವರಿಯುವ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ನಿಮ್ಮ ಮೆನಿಸ್ಕಸ್ ಹರಿದಿರುವುದೂ ಬಹುಮಟ್ಟಿಗೆ ಈ ಹೊರೆಯ ಫಲವೇ. ಅದನ್ನು ಮಾತ್ರ ಸರಿಮಾಡಿ ಕಾಲನ್ನು ಹಾಗೇ ಬಿಟ್ಟರೆ ಕಾರಣ ಅಲ್ಲೇ ಉಳಿಯುತ್ತದೆ.

ಹಾಗಾಗಿ ಭಾರದ ದಾರವನ್ನೇ ಸವೆದ ಒಳಬದಿಯಿಂದ ಇನ್ನೂ ಚೆನ್ನಾಗಿರುವ ಹೊರಬದಿಗೆ ಸರಿಸುವುದು ಈ ಚಿಕಿತ್ಸೆಯ ತಿರುಳು. ಇದು ಹೊಸದೇನಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನ ಕೊವೆಂಟ್ರಿ 1960ರ ದಶಕದಲ್ಲೇ ಇದನ್ನು ಜನಪ್ರಿಯಗೊಳಿಸಿದರು. ಮಂಡಿ ಬದಲಿ ಬಂದ ಮೇಲೆ ಹಿಂದೆ ಸರಿದಿದ್ದ ಈ ಆಪರೇಷನ್, ಸ್ಕ್ರೂಗಳು ಪ್ಲೇಟಿಗೇ ಬಿಗಿಯಾಗಿ ಕೂರುವ ಲಾಕಿಂಗ್ ಪ್ಲೇಟುಗಳು ಬಂದ ನಂತರ ಮತ್ತೆ ನೆಲೆಯೂರಿತು.

ಆಪರೇಷನ್‌ನಲ್ಲಿ ನಡೆಯುವುದು ಇದು. ಮಂಡಿಯ ಕೆಳಗೆ ಒಳಬದಿಯಲ್ಲಿ ಆರೆಂಟು ಸೆಂಟಿಮೀಟರ್ ಸೀಳು. ಮಂಡಿಯ ಕೆಳಗಿನ ದೊಡ್ಡ ಮೂಳೆಯಾದ ಟಿಬಿಯಾದಲ್ಲಿ, ಕೀಲಿನಿಂದ ಮೂರೂವರೆ–ನಾಲ್ಕು ಸೆಂ.ಮೀ. ಕೆಳಗೆ ಕೊಯ್ತ ಶುರುಮಾಡಿ, ಹೊರಬದಿಯ ಸಣ್ಣ ಮೂಳೆಯ ತಲೆಯ ಕಡೆಗೆ ಓರೆಯಾಗಿ ಕೊಯ್ಯುತ್ತಾರೆ. ಹೊರಅಂಚಿಗೆ ಸುಮಾರು ಒಂದು ಸೆಂ.ಮೀ. ಇರುವಾಗ ನಿಲ್ಲಿಸುತ್ತಾರೆ. ಮೂಳೆ ಎರಡು ತುಂಡಾಗುವುದಿಲ್ಲ. ಉಳಿದ ಆ ಒಂದು ಸೆಂ.ಮೀ. ಬಾಗಿಲಿನ ಕೀಲಿನಂತೆ ಕೆಲಸ ಮಾಡುತ್ತದೆ. ಉಳಿಗಳನ್ನು ಒಂದರ ಮೇಲೊಂದು ಇಟ್ಟು ನಿಧಾನವಾಗಿ ಬೆಣೆಯಾಕಾರದಲ್ಲಿ ಬಿಡಿಸಿ, ಎಕ್ಸ್‌ರೇ ಪರದೆಯಲ್ಲಿ ಸೊಂಟದಿಂದ ಪಾದದವರೆಗೆ ತಂತಿ ಹಿಡಿದು ದಾರ ಎಲ್ಲಿ ಹಾಯುತ್ತದೆ ಎಂದು ನೋಡಿ, ಪ್ಲೇಟು ಕೂರಿಸುತ್ತಾರೆ. ಬಿಡುವು ದೊಡ್ಡದಾದರೆ ಮೂಳೆಪುಡಿ ತುಂಬುವುದುಂಟು. ಈ ವಿಧಾನದಲ್ಲಿ ಕಾಲು ಕುಗ್ಗುವುದಿಲ್ಲ, ಕೆಲವು ಮಿಲಿಮೀಟರ್ ಉದ್ದವೇ ಆಗಬಹುದು. ಹಳೆಯ ವಿಧಾನದಲ್ಲಿ ಹೊರಬದಿಯಿಂದ ಬೆಣೆಯೊಂದನ್ನು ಕತ್ತರಿಸಿ ತೆಗೆದು ಮುಚ್ಚುತ್ತಿದ್ದರು. ಅದರಲ್ಲಿ ಕಾಲು ತುಸು ಗಿಡ್ಡವಾಗುತ್ತಿತ್ತು, ಸಣ್ಣ ಮೂಳೆಯ ಪಕ್ಕದ ನರಕ್ಕೆ ಪೆಟ್ಟು ಬೀಳುವ ಭಯವೂ ಇತ್ತು. ಕಾಲು ಗಿಡ್ಡವಾಗುತ್ತದೆ ಎಂಬ ಊರ ಮಾತು ಅಲ್ಲಿಂದ ಬಂದಿರಬಹುದು.

ಎಷ್ಟು ನೇರ ಮಾಡಬೇಕು? ಇಲ್ಲೇ ಹೆಚ್ಚಿನ ಆಪರೇಷನ್‌ಗಳು ಗೆಲ್ಲುವುದು ಅಥವಾ ಸೋಲುವುದು. ಜಪಾನಿನ ಫುಜಿಸಾವ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಕೆಲಸದಿಂದ ಒಂದು ಗುರುತು ಬಳಕೆಗೆ ಬಂತು. ಟಿಬಿಯಾದ ಮೇಲ್ಮೈಯನ್ನು ಒಳಅಂಚು ಸೊನ್ನೆ, ಹೊರಅಂಚು ನೂರು ಎಂದು ಅಳೆದರೆ, ದಾರ ಸುಮಾರು 62ರ ಗುರುತಿನಲ್ಲಿ ಹಾಯಬೇಕು ಎಂಬುದು ಅದು. ಈಗ ಸವೆತ ಕಡಿಮೆ ಇರುವವರಿಗೆ 50–55ರ ಸುತ್ತ, ಪೂರ್ತಿ ಸವೆದವರಿಗೆ 60ರ ಸುತ್ತ ಎಂದು ಹೊಂದಿಸುತ್ತಾರೆ. ಕಡಿಮೆ ಸರಿಸಿದರೆ ನೋವು ಹಾಗೇ ಉಳಿಯುತ್ತದೆ. ಅತಿಯಾಗಿ ಸರಿಸಿದರೆ ಮಂಡಿಗಳು ಒಂದಕ್ಕೊಂದು ತಾಗುವ ಕಾಲಾಗುತ್ತದೆ, ಹೊರಬದಿ ಸವೆಯತೊಡಗುತ್ತದೆ.

ಒಂದು ಲೆಕ್ಕ ಹೇಳುತ್ತೇನೆ, ಎಡವುವುದು ಎಷ್ಟು ಸುಲಭ ಎಂದು ಗೊತ್ತಾಗಲಿ. "ಒಂದು ಮಿಲಿಮೀಟರ್ ಬಿಡಿಸಿದರೆ ಒಂದು ಡಿಗ್ರಿ" ಎಂಬ ಹಳೆಯ ಸೂತ್ರವಿದೆ. ಕೊಯ್ತದ ಉದ್ದ 57 ಮಿ.ಮೀ. ಇದ್ದರೆ ಮಾತ್ರ ಅದು ಸರಿ. ಕೊಯ್ತ 70 ಮಿ.ಮೀ. ಇದ್ದಾಗ 10 ಮಿ.ಮೀ. ಬಿಡಿಸಿದರೆ ಸಿಗುವುದು ಎಂಟು ಡಿಗ್ರಿಗೆ ತುಸು ಹೆಚ್ಚು ಅಷ್ಟೇ. ಹತ್ತು ಡಿಗ್ರಿ ಬೇಕಿದ್ದರೆ 12 ಮಿ.ಮೀ.ಗಿಂತ ಹೆಚ್ಚು ಬಿಡಿಸಬೇಕು. ಅಂದಾಜಿನಲ್ಲಿ ಮಾಡಿದರೆ ದೊಡ್ಡ ಮೂಳೆಯವರಿಗೆ ಕಾಲು ಸಾಕಷ್ಟು ನೇರವಾಗುವುದೇ ಇಲ್ಲ.

ಆದ್ದರಿಂದ ಎಂ.ಆರ್.ಐ.ಗಿಂತ ನಿಮಗೆ ಮುಖ್ಯವಾದುದು, ಎರಡೂ ಕಾಲ ಮೇಲೆ ಸಮನಾಗಿ ನಿಂತು, ಮಂಡಿ ಚಿಪ್ಪು ನೇರ ಮುಂದಕ್ಕಿಟ್ಟು ಸೊಂಟದಿಂದ ಪಾದದವರೆಗೆ ತೆಗೆಯುವ ಎಕ್ಸ್‌ರೇ. ಆಸ್ಪತ್ರೆಗಳಲ್ಲಿ ಸ್ಕ್ಯಾನೋಗ್ರಾಂ ಅನ್ನುತ್ತಾರೆ. ಮಲಗಿಸಿ ತೆಗೆದ ಮಂಡಿಯ ಎಕ್ಸ್‌ರೇ ಸಾಲದು, ಭಾರ ಬಿದ್ದಾಗಿನ ವಕ್ರತೆ ಅದರಲ್ಲಿ ಕಾಣುವುದಿಲ್ಲ. ಸ್ಕ್ಯಾನೋಗ್ರಾಂನಲ್ಲಿ ಬಾಗು ಯಾವ ಮೂಳೆಯಲ್ಲಿದೆ ಎಂದು ಅಳೆಯುತ್ತಾರೆ. ಟಿಬಿಯಾದ ಮೇಲ್ತುದಿಯ ಒಳಕೋನ ಸಾಮಾನ್ಯವಾಗಿ 85ರಿಂದ 90 ಡಿಗ್ರಿ. ಅದು 82 ಎಂದು ಬಂದರೆ ಬಾಗು ಟಿಬಿಯಾದ್ದೇ, ಅಲ್ಲೇ ಕೊಯ್ಯುವುದು ಸರಿ. ಟಿಬಿಯಾ 88 ಇದ್ದು ತೊಡೆಮೂಳೆ ಬಾಗಿದ್ದರೆ ಕೊಯ್ಯಬೇಕಾದ್ದು ತೊಡೆಮೂಳೆಯನ್ನು. ನೇರವಾಗಿರುವ ಟಿಬಿಯಾವನ್ನು ಬಿಡಿಸಿ ಕಾಲು ನೇರ ಮಾಡಿದರೆ ಎಕ್ಸ್‌ರೇಯಲ್ಲಿ ಕಾಲು ಚೆಂದ ಕಾಣುತ್ತದೆ, ಆದರೆ ಕೀಲಿನ ಮೇಲ್ಮೈ ಓರೆಯಾಗಿ ಹೋಗುತ್ತದೆ. ನೆಲ ಓರೆಯಾದ ಮನೆಯಂತೆ, ನಿಂತರೆ ಜಾರುವ ಒತ್ತಡ ಅಲ್ಲಿ ಉಳಿದುಬಿಡುತ್ತದೆ. ಇನ್ನು ಕೆಲವರಲ್ಲಿ ಮೂಳೆಗಳೆರಡೂ ನೇರವಾಗಿದ್ದು, ಕಾರ್ಟಿಲೇಜ್ ಕರಗಿದ್ದರಿಂದಷ್ಟೇ ಕಾಲು ವಾಲಿರುತ್ತದೆ. ಅವರಿಗೆ ಅರ್ಧ ಮಂಡಿ ಬದಲಿ ಹೆಚ್ಚು ಸೂಕ್ತವಾಗಬಹುದು. ಇದಕ್ಕೇ ನಿಮ್ಮ ಮೊದಲ ಇಬ್ಬರು ಡಾಕ್ಟರಲ್ಲಿ ಯಾರು ಸರಿ ಎಂದು ಆ ಫಿಲ್ಮ್ ನೋಡದೆ ನಾನು ಹೇಳಲಾರೆ.

ಈಗ ಬಾಳಿಕೆ. ಮೇಯೊ ಕ್ಲಿನಿಕ್‌ನಿಂದ 1993ರಲ್ಲಿ ಬಂದ ವರದಿಯಲ್ಲಿ 87 ಮಂಡಿಗಳನ್ನು ನೋಡಿದ್ದರು. ಐದು ವರ್ಷಕ್ಕೆ 87 ಶೇಕಡಾ, ಹತ್ತು ವರ್ಷಕ್ಕೆ 66 ಶೇಕಡಾ ಉಳಿದಿದ್ದವು. ಆದರೆ ತೂಕವೂ ಬಹಳ ಇದ್ದು, ಕಾಲೂ ಸಾಕಷ್ಟು ನೇರವಾಗದವರಲ್ಲಿ ಐದೇ ವರ್ಷಕ್ಕೆ 38 ಶೇಕಡಾ! ನಿಮ್ಮ ನೆಂಟರ "ಐದು ವರ್ಷ" ಸುಳ್ಳಲ್ಲ, ಅದು ಇಂಥವರ ಕಥೆ. ಜಪಾನಿನಿಂದ 2008ರಲ್ಲಿ ಬಂದ ಅಧ್ಯಯನವೊಂದರಲ್ಲಿ ಹತ್ತು ವರ್ಷಕ್ಕೆ 97 ಶೇಕಡಾಕ್ಕಿಂತ ಹೆಚ್ಚು, ಹದಿನೈದು ವರ್ಷಕ್ಕೂ 90 ಶೇಕಡಾ. ಅಲ್ಲಿ ಬೇಗ ಸೋತ ಮಂಡಿಗಳಲ್ಲಿ ಎದ್ದು ಕಂಡದ್ದು ಎರಡು: ಬಿ.ಎಂ.ಐ. (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 27.5ಕ್ಕಿಂತ ಹೆಚ್ಚಿರುವುದು, ಆಪರೇಷನ್‌ಗೆ ಮೊದಲೇ ಮಂಡಿಯ ಚಲನೆ 100 ಡಿಗ್ರಿಗಿಂತ ಕಡಿಮೆ ಇರುವುದು. ಕೆನಡಾದ ಒಂಟಾರಿಯೊದಲ್ಲಿ ಈಗಿನ ಬಿಡಿಸುವ ವಿಧಾನದಲ್ಲಿ ಮಾಡಿದ 643 ಮಂಡಿಗಳಲ್ಲಿ ಐದು ವರ್ಷಕ್ಕೆ 95 ಶೇಕಡಾ, ಹತ್ತು ವರ್ಷಕ್ಕೆ 79 ಶೇಕಡಾ ಮಂಡಿ ಬದಲಿಯಿಲ್ಲದೆ ಇದ್ದವು.

ಈ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. "ಉಳಿದಿದೆ" ಅಂದರೆ ಮಂಡಿ ಬದಲಿ ಆಗಿಲ್ಲ ಎಂದಷ್ಟೇ ಅರ್ಥ. ನೋವಿದ್ದೂ ಇನ್ನೊಂದು ಆಪರೇಷನ್‌ಗೆ ಒಪ್ಪದವರೂ ಆ ಲೆಕ್ಕದಲ್ಲಿ ಗೆದ್ದವರೇ. ಮಂಡಿ ಬದಲಿಗೆ ಜನ ಸುಲಭವಾಗಿ ಒಪ್ಪುವ ದೇಶದಲ್ಲಿ ಅಂಕಿ ಇಳಿಯುತ್ತದೆ, ಒಪ್ಪದ ದೇಶದಲ್ಲಿ ಏರುತ್ತದೆ. ಹಾಗಾಗಿ ನೋವಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಸರಿಯಾಗಿ ಆರಿಸಿ ಸರಿಯಾಗಿ ಮಾಡಿದರೆ ಹೆಚ್ಚಿನವರಿಗೆ ನೋವು ಗಣನೀಯವಾಗಿ ಇಳಿಯುತ್ತದೆ, ನಡೆಯುವ ದೂರ ಹೆಚ್ಚುತ್ತದೆ. ಪೂರ್ತಿ ನೋವಿಲ್ಲದ ಮಂಡಿಯ ಭರವಸೆ ಯಾರೂ ಕೊಡಬಾರದು. ಮಳೆಗಾಲದ ಬಿಗಿತ, ಬಹಳ ಹೊತ್ತು ಕೂತೆದ್ದಾಗಿನ ಹಿಡಿತ ಉಳಿಯಬಹುದು. ಹೊರೆ ಇಳಿದ ಮೇಲೆ ಸವೆದ ಜಾಗದಲ್ಲಿ ಒಂದು ಬಗೆಯ ನಾರಿನ ಹೊದಿಕೆ ಬೆಳೆಯುವುದನ್ನು ಒಳಗೆ ಕ್ಯಾಮೆರಾ ಬಿಟ್ಟು ಕಂಡಿದ್ದಾರೆ. ಅದು ಹುಟ್ಟಿನ ಕಾರ್ಟಿಲೇಜ್ ಅಲ್ಲ.

ನಿಮ್ಮ ಬಿ.ಎಂ.ಐ. ಸುಮಾರು 27.8, ಗಡಿಯ ಮೇಲೇ ಇದೆ. ಐದಾರು ಕೆ.ಜಿ. ಇಳಿಸುವುದು ನಿಮ್ಮ ಕೈಯಲ್ಲೇ ಇರುವ ಚಿಕಿತ್ಸೆ. ದೇಹದ ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕೆ.ಜಿ. ಇಳಿಯುತ್ತದೆ.

ಉಳಿದ ದಾರಿಗಳನ್ನು ಬೇಗ ನೋಡಿಬಿಡೋಣ. ಕ್ಯಾಮೆರಾ ಬಿಟ್ಟು ಮಂಡಿ ತೊಳೆಯುವುದು, ಹರಿದ ಮೆನಿಸ್ಕಸ್ ಕೆರೆಯುವುದು ನಿಮ್ಮಂಥ ಸವೆದ ಮಂಡಿಗೆ ಬೇಡ. ಅಮೆರಿಕದ ಹ್ಯೂಸ್ಟನ್‌ನಲ್ಲಿ 180 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬರೀ ಚರ್ಮ ಸೀಳಿ ಹೊಲಿದವರಿಗಿಂತ ಮಂಡಿ ತೊಳೆಸಿಕೊಂಡವರಿಗೆ ಹೆಚ್ಚೇನೂ ಲಾಭ ಆಗಲಿಲ್ಲ. ನಿಮ್ಮ ರಕ್ತದಿಂದಲೇ ತೆಗೆದು ಚುಚ್ಚುವ ಪಿ.ಆರ್.ಪಿ. ಇಂಜೆಕ್ಷನ್ ಆಸ್ಟ್ರೇಲಿಯಾದ ಪರೀಕ್ಷೆಯಲ್ಲಿ ಒಂದು ವರ್ಷದ ಕೊನೆಗೆ ಉಪ್ಪುನೀರಿನ ಇಂಜೆಕ್ಷನ್‌ಗಿಂತ ಮೇಲೇನೂ ನಿಲ್ಲಲಿಲ್ಲ. ಮೂರನೆಯ ಜೆಲ್ ಇಂಜೆಕ್ಷನ್‌ಗೆ ಹಣ ಹಾಕಬೇಡಿ.

"ಸಣ್ಣ ಮೂಳೆ ಕತ್ತರಿಸಿದರೆ ಸಾಕು" ಎಂಬುದು ಚೀನಾದ ಹೆಬೈ ಪ್ರಾಂತ್ಯದಿಂದ 2015ರ ಸುಮಾರಿಗೆ ಹರಡಿದ ವಿಧಾನ. ಹೊರಬದಿಯ ಫಿಬುಲಾದಿಂದ ಎರಡು ಸೆಂ.ಮೀ. ತುಂಡು ತೆಗೆಯುತ್ತಾರೆ. ಪ್ಲೇಟು ಬೇಡ, ಖರ್ಚು ಕಡಿಮೆ, ಮರುದಿನ ನಡಿಗೆ ಎಂಬುದೆಲ್ಲ ನಿಜ. ಆದರೆ ಟಿಬಿಯಾದ ಬಾಗು ಅದರಿಂದ ನೇರವಾಗುವುದಿಲ್ಲ. ಮೊದಲ ತಿಂಗಳುಗಳ ಸಮಾಧಾನ ಎಷ್ಟು ವರ್ಷ ನಿಲ್ಲುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ, ಮತ್ತು ಪಾದ ಎತ್ತುವ ನರ ಅಲ್ಲೇ ಪಕ್ಕದಲ್ಲಿದೆ. ಆ ನರ ಕೆಟ್ಟರೆ ನಡೆಯುವಾಗ ಪಾದ ಜೋತು ಬೀಳುತ್ತದೆ. ನಿಮಗೆ ಇದನ್ನು ನಾನು ಸೂಚಿಸುವುದಿಲ್ಲ.

ಮಂಡಿ ಬದಲಿ ಕೆಟ್ಟ ಆಪರೇಷನ್ ಅಲ್ಲ. ನೋವು ತೆಗೆಯುವುದರಲ್ಲಿ ಅದರ ಕೈ ಮೇಲೆಯೇ. ಹಲವು ದೇಶಗಳ ನೋಂದಣಿ ಲೆಕ್ಕಗಳನ್ನು ಸೇರಿಸಿ 2019ರಲ್ಲಿ ಬಂದ ಅಂದಾಜಿನಂತೆ ಪೂರ್ಣ ಬದಲಿ ಮಂಡಿಗಳಲ್ಲಿ 82 ಶೇಕಡಾ, ಅರ್ಧ ಬದಲಿಗಳಲ್ಲಿ 70 ಶೇಕಡಾ 25 ವರ್ಷ ಬಾಳುತ್ತವೆ. ತೊಡಕಿರುವುದು ವಯಸ್ಸಿನಲ್ಲಿ. ಬ್ರಿಟನ್ನಿನ ಲೆಕ್ಕದಲ್ಲಿ, 70 ದಾಟಿ ಮಾಡಿಸಿಕೊಂಡವರಿಗೆ ಜೀವಮಾನದಲ್ಲಿ ಮರು ಆಪರೇಷನ್ ಬೇಕಾಗುವ ಸಂಭವ ಸುಮಾರು 5 ಶೇಕಡಾ. ಐವತ್ತರ ಆರಂಭದಲ್ಲಿ ಮಾಡಿಸಿಕೊಂಡ ಗಂಡಸರಿಗೆ 35 ಶೇಕಡಾ. ಮರುಬದಲಿ ಮೊದಲನೆಯದಕ್ಕಿಂತ ಕಠಿಣ. ಜತೆಗೆ ಬದಲಿ ಮಂಡಿಯವರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಬೇಡಿ, ಕುಕ್ಕರುಗಾಲಲ್ಲಿ ಕೂರಬೇಡಿ ಎಂದೇ ಹೆಚ್ಚಿನವರು ಹೇಳುತ್ತಾರೆ. ಮೂಳೆ ನೇರ ಮಾಡಿದಾಗ ಕೀಲು ನಿಮ್ಮದೇ ಉಳಿಯುತ್ತದೆ. ಮೊದಲು ಎಷ್ಟು ಮಡಚುತ್ತಿತ್ತೋ ಸಾಮಾನ್ಯವಾಗಿ ಅಷ್ಟೇ ಮಡಚುತ್ತದೆ. ಈಗ ಮೆಟ್ಟುಗತ್ತಿಯ ಮೇಲೆ ಕೂರಲು ಆಗುತ್ತಿದ್ದರೆ ಮುಂದೆಯೂ ಆಗುವ ಸಂಭವ ಚೆನ್ನಾಗಿದೆ. ಈಗಲೇ ಆಗದಿದ್ದರೆ ಆಪರೇಷನ್‌ನಿಂದ ಅದು ಬರುವುದಿಲ್ಲ. ಮುಂದೊಂದು ದಿನ ಮಂಡಿ ಬದಲಿಸಬೇಕಾಗಿ ಬಂದರೆ, ಹಳೆಯ ಗಾಯ, ಬದಲಾದ ಇಳಿಜಾರು ಇರುವುದರಿಂದ ಕೆಲಸ ತುಸು ಕಷ್ಟ, ಆದರೆ ದಾರಿ ಮುಚ್ಚುವುದಿಲ್ಲ.

ನಿಮ್ಮ ವಯಸ್ಸು, ಕೆಲಸ, ಒಳಬದಿಗೆ ಸೀಮಿತವಾದ ನೋವು ನೋಡಿದರೆ, ಸ್ಕ್ಯಾನೋಗ್ರಾಂನಲ್ಲಿ ಬಾಗು ಟಿಬಿಯಾದಲ್ಲೇ ಇದ್ದು ಹೊರಬದಿ ಚೆನ್ನಾಗಿದ್ದರೆ, ಎರಡನೆಯ ಡಾಕ್ಟರ ಮಾತಿಗೆ ನನ್ನ ಒಲವು. ಮಂಡಿ ಪೂರ್ತಿ ಚಾಚಲು 15 ಡಿಗ್ರಿಗಿಂತ ಹೆಚ್ಚು ಕೊರತೆ ಇದ್ದರೆ, ರುಮಟಾಯ್ಡ್ ವಾತ ಇದ್ದರೆ, ಹೊರಬದಿಯೂ ಸವೆದಿದ್ದರೆ ಈ ಮಾತು ಅನ್ವಯಿಸುವುದಿಲ್ಲ.

ಏನೇನು ಕೆಡಬಹುದು ಎಂಬುದೂ ತಿಳಿದಿರಲಿ. ಉಳಿಸಿದ ಒಂದು ಸೆಂ.ಮೀ. ಹೊರಅಂಚು ಬಿರಿಯುವುದು ಅಪರೂಪವಲ್ಲ, ದೊಡ್ಡ ಬಿಡುವಿನಲ್ಲಿ ಹೆಚ್ಚು. ಸಣ್ಣ ಬಿರುಕಾದರೆ ಗಟ್ಟಿ ಪ್ಲೇಟಿನ ಬಲದಲ್ಲಿ ಕೂಡುತ್ತದೆ, ನಡಿಗೆ ತಡವಾಗುತ್ತದೆ ಅಷ್ಟೇ. ಬಿರುಕು ಕೀಲಿನೊಳಕ್ಕೆ ಹೋದರೆ ಅದು ಬೇರೆ ಮಟ್ಟದ ತೊಂದರೆ. ಬಿಡುವನ್ನು ಹಿಂದಕ್ಕಿಂತ ಮುಂದೆ ಹೆಚ್ಚು ತೆರೆದರೆ ಕೀಲಿನ ಮೇಲ್ಮೈ ಹಿಂದಕ್ಕೆ ಇಳಿಜಾರಾಗಿ ಕಾಲು ಪೂರ್ತಿ ಚಾಚಲಾಗದೆ ಉಳಿಯಬಹುದು. ಸೋಂಕು, ಮೀನಖಂಡದ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು, ಮೂಳೆ ಕೂಡದಿರುವುದು ಕಡಿಮೆ, ಆದರೆ ಇವೆ. ಪ್ಲೇಟು ಚರ್ಮದ ಕೆಳಗೇ ಇರುವುದರಿಂದ ಒತ್ತುತ್ತದೆ. ಒಂದು–ಒಂದೂವರೆ ವರ್ಷಕ್ಕೆ ತೆಗೆಸುವವರು ಬಹಳ. ಅದು ಎರಡನೆಯ ಸಣ್ಣ ಆಪರೇಷನ್ ಎಂದು ಈಗಲೇ ಖರ್ಚಿನ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಮನೆಗೆ ಬಂದ ಮೇಲೆ ಮೀನಖಂಡ ಕಲ್ಲಿನಂತೆ ಬಿಗಿದು ಮಾತ್ರೆಗೂ ಬಗ್ಗದ ನೋವು, ಪಾದ ಎತ್ತಲಾಗದಿರುವುದು, ಜ್ವರದ ಜತೆ ಗಾಯ ಸೋರುವುದು, ಏಕಾಏಕಿ ಉಸಿರಾಟದ ಕಷ್ಟ, ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಎಂದು ಕಾಯಬಾರದು.

ಹೊಗೆಸೊಪ್ಪಿನ ವಿಷಯ ಬೇರೆಯಾಗಿಯೇ ಹೇಳಬೇಕು. ಬೀಡಿ, ಸಿಗರೇಟು ಸೇದುವವರಲ್ಲಿ ಮೂಳೆ ಕೂಡುವುದು ತಡವಾಗುತ್ತದೆ, ಕೆಲವೊಮ್ಮೆ ಕೂಡುವುದೇ ಇಲ್ಲ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ. ಜಗಿಯುವವರ ಮೇಲೆ ಅಷ್ಟು ಅಧ್ಯಯನ ಆಗಿಲ್ಲ. ಆದರೆ ಕವಳದ ಹೊಗೆಸೊಪ್ಪಿನಲ್ಲೂ ಇರುವುದು ಅದೇ ನಿಕೋಟಿನ್, ಸಣ್ಣ ರಕ್ತನಾಳಗಳನ್ನು ಬಿಗಿಯುವುದು ಅದರ ಗುಣ. ಬಿಡಿಸಿದ ಆ ಹನ್ನೆರಡು ಮಿಲಿಮೀಟರ್ ಬಿಡುವು ತುಂಬಬೇಕಾದರೆ ರಕ್ತ ಹರಿಯಲೇಬೇಕು. ಆಪರೇಷನ್‌ಗೆ ಆರು ವಾರ ಮೊದಲು ಬಿಡಿ, ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ಕಾಣುವವರೆಗೆ ಮುಟ್ಟಬೇಡಿ. ಬಿಡಲು ಆಗುವುದಿಲ್ಲ ಎಂದಾದರೆ ಆಪರೇಷನ್ ಮುಂದೂಡಿ, ಹಾಗೇ ಮೇಜಿನ ಮೇಲೆ ಮಲಗಬೇಡಿ. ವಿಟಮಿನ್ ಡಿ ಪರೀಕ್ಷೆಯನ್ನೂ ಮೊದಲೇ ಮಾಡಿಸಿ.

ಇನ್ನು ಕಾಲಮಾನ. ಮೊದಲ ಎರಡು ವಾರ ವಾಕರ್ ಹಿಡಿದು ಪಾದ ನೆಲಕ್ಕೆ ತಾಗಿಸುವಷ್ಟೇ ಭಾರ, ಅಂದರೆ 15–20 ಕೆ.ಜಿ. ಮನೆಯ ತೂಕದ ಯಂತ್ರದ ಮೇಲೆ ಕಾಲೊತ್ತಿ ನೋಡಿದರೆ ಅಷ್ಟೆಂದರೆ ಎಷ್ಟು ಎಂದು ಗೊತ್ತಾಗುತ್ತದೆ. ಮಂಡಿ ಮಡಚುವುದು, ತೊಡೆ ಬಿಗಿಯುವ ವ್ಯಾಯಾಮ ಮರುದಿನದಿಂದಲೇ. ಆರು ವಾರದ ಎಕ್ಸ್‌ರೇ ಚೆನ್ನಾಗಿದ್ದರೆ ಪೂರ್ತಿ ಭಾರ. ಬೈಕು ಎರಡರಿಂದ ಮೂರು ತಿಂಗಳ ಮೇಲೆ. ಮೂಳೆ ಗಟ್ಟಿಯಾಗಲು ಮೂರರಿಂದ ಆರು ತಿಂಗಳು, ಇಳಿಜಾರಿನಲ್ಲಿ ಹೊರೆ ಹೊರುವುದು ಅದರ ನಂತರವೇ. ಸುಧಾರಣೆ ಒಂದು ವರ್ಷದವರೆಗೂ ಮುಂದುವರಿಯುತ್ತದೆ. ಮೂರನೇ ತಿಂಗಳಲ್ಲಿ ನೋವು ಉಳಿದಿದೆ ಎಂದು ಸೋತೆ ಅಂದುಕೊಳ್ಳಬೇಡಿ.

ತೋಟದ ಕೆಲಸಕ್ಕೆ ಇದನ್ನು ಹೊಂದಿಸಿ ನೋಡಿ. ಕೊಯ್ಲು ಮುಗಿಸಿ ಮಾರ್ಚ್‌ನಲ್ಲಿ ಮಾಡಿಸಿದರೆ, ಮಳೆ ಹಿಡಿದು ಧರೆ ಜಾರುವ ಜೂನ್–ಜುಲೈಗೆ ನಿಮ್ಮ ಮೂಳೆ ಮೂರು ನಾಲ್ಕು ತಿಂಗಳದ್ದು. ನಡೆಯಲು ಬರುತ್ತದೆ, ಬೀಳಲು ಆಗದು. ಔಷಧಿ ಹೊಡೆಸುವುದನ್ನೆಲ್ಲ ಆಳಿಗೇ ಬಿಡಬೇಕು. ಮೊದಲ ಬೋರ್ಡೊ ಸಿಂಪಡಣೆ ಮುಗಿಸಿ ಜೂನ್ ನಡುವಿನಲ್ಲಿ ಮಾಡಿಸಿದರೆ ಮಳೆಗಾಲ ಮನೆಯಲ್ಲೇ ಕಳೆಯುತ್ತದೆ, ಸುಲಿತದ ಹೊತ್ತಿಗೆ ಐದು ತಿಂಗಳಾಗಿರುತ್ತದೆ. ನಿಮ್ಮ ಜಾಗದಲ್ಲಿ ಇದು ಹೆಚ್ಚು ಹೊಂದುತ್ತದೆ ಅನಿಸುತ್ತದೆ. ಆದರೆ ಪಾಚಿ ಕಟ್ಟಿದ ಅಂಗಳದಲ್ಲಿ ವಾಕರ್‌ನ ರಬ್ಬರು ನಿಲ್ಲುವುದಿಲ್ಲ. ಹೊರಗಿನ ಬಚ್ಚಲಾದರೆ ಅಲ್ಲಿಯವರೆಗೆ ಸುಣ್ಣ ಹಾಕಿ ಪಾಚಿ ಕೆರೆಸಿ, ಅಡಿಕೆ ದಬ್ಬೆಯದ್ದಾದರೂ ಸರಿ, ಗಟ್ಟಿ ಕೈಹಿಡಿ ಕಟ್ಟಿಸಿ. ಕಮೋಡ್ ಇಲ್ಲದಿದ್ದರೆ ಆರು ವಾರಕ್ಕೆ ಕಮೋಡ್ ಕುರ್ಚಿ ತನ್ನಿ. ಜೂನ್‌ಗೆ ಎಂದು ನಿರ್ಧರಿಸಿದರೆ ಹೊಗೆಸೊಪ್ಪು ಬಿಡುವ ದಿನ ಮೇ ಆರಂಭಕ್ಕೆ ಬರುತ್ತದೆ; ಸ್ಕ್ಯಾನೋಗ್ರಾಂ ಅದಕ್ಕೂ ಮೊದಲು.